ಪಟ್ಟದ ಗೊಂಬೆ ಅಮೆರಿಕ ತಲುಪದ ದಸರಾ

2025ರ ಆಗಸ್ಟ್ 25, ಸೋಮವಾರ. ಮರುದಿನ ಗೌರಿ, ಅದರ ಮರುದಿನ ಗಣೇಶ. ಹಬ್ಬದ ಗಡಿಬಿಡಿ ಶುರುವಾಗುವ ಮೊದಲೇ ಕೆಲಸ ಮುಗಿಸಿಬಿಡೋಣ ಅಂತ ಹನ್ನೊಂದು ಡಬ್ಬಿಗಳನ್ನು ಆಟೋಗೆ ತುಂಬಿಕೊಂಡು ನಮ್ಮ ಬಡಾವಣೆಯ ಅಂಚೆ ಕಚೇರಿಗೆ ಹೋದೆ. ಎಲ್ಲದರಲ್ಲೂ ಚನ್ನಪಟ್ಟಣದ ದಸರಾ ಗೊಂಬೆಗಳು. ನ್ಯೂಜೆರ್ಸಿಗೆ ನಾಲ್ಕು, ಟೆಕ್ಸಾಸ್‌ಗೆ ಮೂರು, ಕ್ಯಾಲಿಫೋರ್ನಿಯಾಕ್ಕೆ ಮೂರು, ಮಿಷಿಗನ್‌ಗೆ ಒಂದು. ಕೌಂಟರಿನಲ್ಲಿ ಇದ್ದವರು ಐದು ವರ್ಷದಿಂದ ನನ್ನ ಪಾರ್ಸೆಲ್ ತೂಗಿದವರು. ನಾನು ಮೊದಲ ಡಬ್ಬಿ ಎತ್ತಿಡುವಷ್ಟರಲ್ಲಿ ತಕ್ಕಡಿಯ ಮೇಲೆ ಕೈ ಅಡ್ಡ ಇಟ್ಟರು. "ಮೇಡಂ, ಅಮೆರಿಕಕ್ಕೆ ಇವತ್ತಿಂದ ತಗೊಳ್ಳೋ ಹಾಗಿಲ್ಲ."

ಅವರು ಕೊಟ್ಟ ಸುತ್ತೋಲೆಯನ್ನು ನಿಂತಲ್ಲೇ ಎರಡು ಸಲ ಓದಿದೆ. ಶನಿವಾರ, 23ನೇ ತಾರೀಕು ಹೊರಬಿದ್ದ ನಿರ್ಧಾರ. ಅಮೆರಿಕಕ್ಕೆ ಹೋಗುವ ಎಲ್ಲ ಸರಕು ಅಂಚೆಯ ಬುಕಿಂಗ್ ತಾತ್ಕಾಲಿಕವಾಗಿ ಬಂದ್. ಪತ್ರ, ದಾಖಲೆ, 100 ಡಾಲರ್ ವರೆಗಿನ ಉಡುಗೊರೆ ಮಾತ್ರ ಸ್ವೀಕಾರ. ಅಮೆರಿಕಕ್ಕೆ ಹಾರುವ ವಿಮಾನ ಸಂಸ್ಥೆಗಳು 25ರ ನಂತರ ಅಂಚೆ ಚೀಲ ಒಯ್ಯಲಾರೆವು ಎಂದಿದ್ದವು. ಸುಂಕವನ್ನು ಯಾರು ವಸೂಲಿ ಮಾಡಬೇಕು, ಯಾರ ಮೂಲಕ ಕಟ್ಟಬೇಕು ಎನ್ನುವುದಕ್ಕೆ ಬೇಕಾದ ಏರ್ಪಾಡೇ ಇನ್ನೂ ತಯಾರಾಗಿರಲಿಲ್ಲ. ಶನಿವಾರ, ಭಾನುವಾರ ಎರಡೂ ದಿನ ಪ್ಯಾಕಿಂಗಿನಲ್ಲಿ ಮುಳುಗಿದ್ದ ನಾನು ಸುದ್ದಿ ನೋಡಿರಲಿಲ್ಲ. ಡಬ್ಬಿಗಳನ್ನು ಅದೇ ಆಟೋದಲ್ಲಿ ಮನೆಗೆ ತಂದೆ. ಮೂರನೇ ಮಹಡಿಗೆ ಹತ್ತಿಸುವಾಗ ಒಂದೊಂದೂ ಎರಡೆರಡು ಕೆಜಿ ಜಾಸ್ತಿಯಾದ ಹಾಗಿತ್ತು.

ನಮ್ಮೂರು ಚನ್ನಪಟ್ಟಣವೇ. ಮದುವೆಯಾಗಿ ಬೆಂಗಳೂರಿಗೆ ಬಂದವಳು. 2020ರಲ್ಲಿ ಕೆಲಸ ಹೋದಾಗ, ಚಿಕ್ಕಂದಿನಿಂದ ಕಂಡ, ಮರ ಕಡೆಯುವ ಯಂತ್ರ ಇಟ್ಟುಕೊಂಡ ಒಂದು ಲೇತ್ ಮನೆಯವರ ಗೊಂಬೆಗಳ ಫೋಟೋ ತೆಗೆದು ಆನ್‌ಲೈನಿನಲ್ಲಿ ಹಾಕಿದೆ. ಆ ಮನೆಯ ಯಜಮಾನರನ್ನು ನಾನು ಚಾಚಾ ಅಂತಲೇ ಕರೆಯೋದು. ಮೊದಲ ವಿದೇಶಿ ಆರ್ಡರ್ ಬಂದದ್ದು 2021ರಲ್ಲಿ. 500 ರೂಪಾಯಿ ಶುಲ್ಕ ಕಟ್ಟಿ ಐಇಸಿ, ಅಂದರೆ ಆಮದು ರಫ್ತು ಸಂಕೇತ ಮಾಡಿಸಿಕೊಂಡೆ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರದ, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರದ ವ್ಯವಸ್ಥೆ ಬಂದ ಮೇಲೆ ರಫ್ತಿನ ಅರ್ಜಿಯನ್ನು ಮನೆಯಲ್ಲೇ ತುಂಬಿ, ಲೇಬಲ್ ಪ್ರಿಂಟ್ ತೆಗೆದು, ಡಬ್ಬಿಗೆ ಅಂಟಿಸಿಕೊಂಡು ಹೋದರೆ ಸಾಕಿತ್ತು. ಏಜೆಂಟ್ ಬೇಡ, ಗೋದಾಮು ಬೇಡ. ನನ್ನಂಥವಳು ಒಂದು ಜೊತೆ ಗೊಂಬೆಯನ್ನು ಡಲ್ಲಾಸಿಗೆ ಕಳಿಸುವುದು ಹುಬ್ಬಳ್ಳಿಗೆ ಕಳಿಸಿದಷ್ಟೇ ಸಲೀಸಾಗಿತ್ತು. ನಾಲ್ಕು ವರ್ಷದಲ್ಲಿ ನನ್ನ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಅಮೆರಿಕದ್ದೇ ಆಗಿಬಿಟ್ಟಿತ್ತು.

ಅಷ್ಟು ಸಲೀಸಾಗಲು ಒಂದು ನಿಯಮ ಕಾರಣ. ಅಮೆರಿಕದಲ್ಲಿ 800 ಡಾಲರಿಗಿಂತ ಹೆಚ್ಚಿಲ್ಲದ ಪಾರ್ಸೆಲ್‌ಗೆ ಆಮದು ಸುಂಕ ಇರಲಿಲ್ಲ, ಉದ್ದುದ್ದ ಕಾಗದಪತ್ರವೂ ಇರಲಿಲ್ಲ. ಡಿ ಮಿನಿಮಿಸ್ ಅಂತ ಅದರ ಹೆಸರು. ಮೊದಲು 200 ಡಾಲರ್ ಇದ್ದ ಮಿತಿಯನ್ನು 2016ರಲ್ಲಿ 800ಕ್ಕೆ ಏರಿಸಿದ್ದರು. 2024ರ ಅವರ ಹಣಕಾಸು ವರ್ಷದಲ್ಲಿ ಈ ಬಾಗಿಲಿನಿಂದ ಒಳಗೆ ಹೋದ ಪಾರ್ಸೆಲ್‌ಗಳು 136 ಕೋಟಿ. ಬಹುಪಾಲು ಚೀನಾದ್ದು. 2025ರ ಮೇ 2ರಿಂದ ಚೀನಾ ಮತ್ತು ಹಾಂಗ್‌ಕಾಂಗ್‌ಗೆ ಈ ವಿನಾಯಿತಿ ನಿಂತಾಗ ನನಗೆ ಖುಷಿಯಾಗಿತ್ತು. ಚೀನಾದ ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಎದುರು ನಮ್ಮ ಚಾಚಾ ಅಂಥವರು ಎಷ್ಟು ವರ್ಷ ಸೋತಿದ್ದಾರೆ ಅಂತ ಕಣ್ಣಾರೆ ಕಂಡವಳು ನಾನು. ಇನ್ನು ಮೇಲೆ ಮರದ ಗೊಂಬೆಗೆ ಕಾಲ ಬಂತು ಅಂತ ಚಾಚಾಗೂ ಹೇಳಿದ್ದೆ. ಜುಲೈ 30ರಂದು ಎಲ್ಲ ದೇಶಗಳಿಗೂ ಅದೇ ಆದೇಶ ಹೊರಟಿತು. ಆಗಸ್ಟ್ 29ರಿಂದ ಜಾರಿ. ಆಗಲೂ, ಒಂದಿಷ್ಟು ಸುಂಕ ತಾನೇ, ಗಿರಾಕಿಗಳಿಗೆ ತಿಳಿಸಿದರಾಯಿತು ಅಂದುಕೊಂಡೆ. ಸುಂಕ ಕಟ್ಟುವ ದಾರಿಯೇ ತೆರೆಯದೆ ಪಾರ್ಸೆಲ್ ಹೋಗುವ ದಾರಿ ಮುಚ್ಚುತ್ತದೆ ಅನ್ನೋದು ನನಗೆ ಹೊಳೆದಿರಲಿಲ್ಲ.

ಭಾರತದ ವಸ್ತುಗಳ ಮೇಲೆ ಆಗಸ್ಟ್ 7ರಿಂದ ಶೇ 25 ಸುಂಕ ಬಿದ್ದಿತ್ತು. ರಷ್ಯಾದಿಂದ ತೈಲ ಕೊಳ್ಳುತ್ತೇವೆ ಎಂಬ ಕಾರಣಕ್ಕೆ ಇನ್ನೊಂದು ಶೇ 25 ಆಗಸ್ಟ್ 27ರಿಂದ. ಅಂದರೆ ಸರಿಯಾಗಿ ಗಣೇಶನ ಹಬ್ಬದ ದಿನ ನಮ್ಮ ಸುಂಕ ಶೇ 50 ಆಯಿತು. ಸುಂಕಕ್ಕೆಂದು ಸರಕುಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆಟಿಕೆಗಳಿಗೆ 9503 ಅಂತ ಶೀರ್ಷಿಕೆ. ಆ ಶೀರ್ಷಿಕೆಗೆ ಅಮೆರಿಕದ ಮಾಮೂಲಿ ಸುಂಕ ಸೊನ್ನೆ. ಮಕ್ಕಳ ಆಟಿಕೆಗೆ ಸುಂಕ ಬೇಡ ಅಂತ ಅವರೇ ಎಂದೋ ತೀರ್ಮಾನಿಸಿದ್ದ ವಸ್ತುವಿಗೆ ಆಗ ಅರ್ಧ ಬೆಲೆಯಷ್ಟು ಸುಂಕ. ತೈಲಕ್ಕೂ ಚನ್ನಪಟ್ಟಣದ ಗೊಂಬೆಗೂ ಏನು ಸಂಬಂಧ ಅಂತ ಅಮ್ಮ ಅವತ್ತು ಮೋದಕ ಮಾಡುತ್ತಾ ಕೇಳಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಕೇಳುವವರು ಯಾರು ಅಂತ ಆಮೇಲೆ ಅವಳೇ ಸುಮ್ಮನಾದಳು.

ಇನ್ನೊಂದು ಲೆಕ್ಕವೂ ಜುಲೈ 30ರ ಆ ಆದೇಶದಲ್ಲಿತ್ತು. ಅಂಚೆಯ ಪಾರ್ಸೆಲ್‌ಗೆ ಮೊದಲ ಆರು ತಿಂಗಳು ಬೆಲೆಯ ಶೇಕಡಾವಾರು ಬದಲು ಒಂದೊಂದು ಪಾರ್ಸೆಲ್‌ಗೆ ಇಷ್ಟು ಅಂತ ನಿಗದಿ ಸುಂಕ ಹಾಕಲೂ ಅವಕಾಶ ಇಟ್ಟಿದ್ದರು. ಶೇ 25ಕ್ಕಿಂತ ಹೆಚ್ಚು ಸುಂಕ ಇರುವ ದೇಶಕ್ಕೆ ಆ ದರ 200 ಡಾಲರ್. ನನ್ನ ಒಂದು ಜೊತೆ ಪಟ್ಟದ ಗೊಂಬೆಯ ಬೆಲೆ 42 ಡಾಲರ್. ಈ ಎರಡು ದಾರಿಯಲ್ಲಿ ನಮಗೆ ಯಾವುದು ಬರುತ್ತದೆ ಅಂತ ಅಕ್ಟೋಬರ್ ವರೆಗೂ ಗೊತ್ತಿರಲಿಲ್ಲ. ಆ ಐವತ್ತು ದಿನ ಗಿರಾಕಿಗೆ ಏನು ಬೆಲೆ ಹೇಳಬೇಕು? 63 ಡಾಲರ್ ಅನ್ನಬೇಕೋ, 242 ಡಾಲರ್ ಅನ್ನಬೇಕೋ?

ದಸರಾ ಗೊಂಬೆ ಅಂದರೆ ಏನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ, ನಮ್ಮವರಿಗೆ ಹೇಳಬೇಕಾಗಿಲ್ಲ. ಮದುವೆಯಲ್ಲಿ ತವರಿನವರು ಕೊಡುವ ರಾಜ ರಾಣಿಯ ಜೊತೆ, ಅದರ ಸುತ್ತ ಶೆಟ್ಟಿ ಶೆಟ್ಟಮ್ಮನ ಅಂಗಡಿ, ವಾದ್ಯದವರು, ಎತ್ತಿನ ಗಾಡಿ, ಅಡುಗೆ ಸೆಟ್ಟು. ಅಮೆರಿಕದಲ್ಲಿ ಎರಡು ಬೆಡ್‌ರೂಮಿನ ಮನೆಯಲ್ಲಿ ಇರುವ ಕನ್ನಡದ ಹೆಣ್ಣುಮಕ್ಕಳು ಪುಸ್ತಕದ ಕಪಾಟು ಖಾಲಿ ಮಾಡಿ ಮೂರು ಮೆಟ್ಟಿಲು ಕಟ್ಟುತ್ತಾರೆ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆ ಸೇರಿಸಬೇಕು ಅನ್ನೋ ಪದ್ಧತಿ ಅನೇಕ ಮನೆಗಳಲ್ಲಿದೆ. ನನ್ನ ವ್ಯಾಪಾರ ನಿಂತದ್ದೇ ಆ ಒಂದು ಗೊಂಬೆಯ ಮೇಲೆ. 2025ರ ನವರಾತ್ರಿ ಶುರುವಾಗುವುದು ಸೆಪ್ಟೆಂಬರ್ 22ಕ್ಕೆ. ಮೂವತ್ತಾರು ಆರ್ಡರ್ ಬಂದಿದ್ದವು. ಆಗಸ್ಟ್ ಮೊದಲ ವಾರ ಕಳಿಸಿದ ಐದು ತಲುಪಿದ್ದವು. 20ರಂದು ಬುಕ್ ಮಾಡಿದ ಒಂಬತ್ತು ದಾರಿಯಲ್ಲಿದ್ದವು. ಹನ್ನೊಂದು ಮನೆಗೆ ವಾಪಸ್ ಬಂದಿದ್ದವು. ಇನ್ನು ಹನ್ನೊಂದು ಚಾಚಾ ಮನೆಯಲ್ಲಿ ತಯಾರಾಗುತ್ತಿದ್ದವು. ಹಬ್ಬದ ಸರಕಿಗೆ ಒಂದು ತಾರೀಕು ಇರುತ್ತದೆ. ದುಪ್ಪಟ್ಟು ದುಡ್ಡು ಕೊಟ್ಟರೂ ಅಕ್ಟೋಬರ್ 3ನೇ ತಾರೀಕು ತಲುಪಿದ ಪಟ್ಟದ ಗೊಂಬೆಯನ್ನು ಯಾರೂ ಕೂರಿಸುವುದಿಲ್ಲ.

ಗಣೇಶನ ಹಬ್ಬ ಮುಗಿಸಿ ಅಂಚೆ ಕಚೇರಿಗೆ ಮತ್ತೆ ಹೋದೆ. 100 ಡಾಲರ್ ಒಳಗಿನ ಉಡುಗೊರೆಗೆ ಇನ್ನೂ ಅವಕಾಶ ಇತ್ತಲ್ಲ. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಮೆಸೇಜ್ ಹಾಕಿದ್ದರು: "ಗಿಫ್ಟ್ ಅಂತ ಬರೆದುಬಿಡಿ ಅಕ್ಕಾ, ನಿಮ್ಮ ತಂಗಿಗೆ ಕಳಿಸಿದ ಹಾಗೆ." ಪ್ರೀತಿಯಿಂದಲೇ ಹೇಳಿದ ಮಾತು. ರಾತ್ರಿ ಎಲ್ಲ ಯೋಚನೆ ಮಾಡಿದೆ, ಮಾಡಲಿಲ್ಲ. ದುಡ್ಡು ತಗೊಂಡು ಮಾರಿದ್ದು ಉಡುಗೊರೆ ಆಗುವುದಿಲ್ಲ. ನನ್ನ ಐಇಸಿ, ನನ್ನ ಸಹಿ ಆ ಅರ್ಜಿಯ ಮೇಲೆ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ತೆರೆದು ನೋಡಿ ಸುಳ್ಳು ಅಂತ ಗೊತ್ತಾದರೆ ಡಬ್ಬಿಯ ಮೇಲೆ ಇರುವುದು ಚನ್ನಪಟ್ಟಣದ ಹೆಸರು. ಆಗಸ್ಟ್ 31ಕ್ಕೆ ಆ ಪ್ರಶ್ನೆಯೂ ಉಳಿಯಲಿಲ್ಲ. ಪತ್ರ, ದಾಖಲೆ, ಉಡುಗೊರೆ ಸೇರಿ ಅಮೆರಿಕದ ಎಲ್ಲ ಅಂಚೆಯೂ ನಿಂತಿತು.

ನಮ್ಮದೊಂದೇ ದೇಶದ ಗೋಳಾಗಿರಲಿಲ್ಲ. ವಿಶ್ವ ಅಂಚೆ ಒಕ್ಕೂಟ ಅಂತ ಇದೆ, 1874ರಲ್ಲಿ ಹುಟ್ಟಿದ್ದು, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಕಚೇರಿ. ಸೆಪ್ಟೆಂಬರ್ ಮೊದಲ ವಾರ ಅದು ಒಂದು ಲೆಕ್ಕ ಕೊಟ್ಟಿತು: ಆಗಸ್ಟ್ 29ರಂದು ಅಮೆರಿಕಕ್ಕೆ ಹೋದ ಅಂಚೆ ಹಿಂದಿನ ವಾರಕ್ಕಿಂತ ಶೇ 81 ಕಡಿಮೆ; 88 ಅಂಚೆ ಸಂಸ್ಥೆಗಳು ಪೂರ್ತಿಯೋ ಭಾಗಶಃವೋ ಸೇವೆ ನಿಲ್ಲಿಸಿವೆ. ಸುಂಕವನ್ನು ಮೊದಲೇ ವಸೂಲಿ ಮಾಡಿ ಅಮೆರಿಕದ ಕಸ್ಟಮ್ಸ್‌ಗೆ ಕಟ್ಟಲು ಅವರು ಒಪ್ಪಿದ ಮಧ್ಯವರ್ತಿ ಸಂಸ್ಥೆಗಳು ಬೇಕು. ಅದರ ಮಾರ್ಗಸೂಚಿ ಹೊರಬಂದದ್ದು ಆಗಸ್ಟ್ 15ಕ್ಕೆ, ಜಾರಿಗೆ ಎರಡು ವಾರ ಇರುವಾಗ. ಇಷ್ಟು ದೇಶಗಳ ಅಂಚೆ ವ್ಯವಸ್ಥೆಗೆ ಎರಡು ವಾರ! ಒಂದು ಲೇತಿನ ಬೆಲ್ಟ್ ಬದಲಿಸಲು ಚನ್ನಪಟ್ಟಣದಲ್ಲಿ ಅಷ್ಟು ದಿನ ಕಾದದ್ದಿದೆ.

ದಾರಿಯಲ್ಲಿದ್ದ ಒಂಬತ್ತರಲ್ಲಿ ನಾಲ್ಕು ಹೇಗೋ ದಾಟಿದವು. ಐದು ವಾಪಸ್ ಬಂದವು, ಸೆಪ್ಟೆಂಬರ್ ಎರಡನೇ ವಾರ. ಅಂಚೆ ಖರ್ಚು ಮರಳಿ ಕೊಡುತ್ತೇವೆ ಅಂತ ಇಲಾಖೆ ಹೇಳಿತ್ತು, ಅರ್ಜಿ ಬರೆದುಕೊಟ್ಟೆ, ಬಂತು ಕೂಡ. ಒಂದು ಡಬ್ಬಿಯನ್ನು ತೆರೆದು ನೋಡಿದೆ. ನಾನು ಗೊಂಬೆಗಳನ್ನು ಸುತ್ತುವುದು ಹಳೆಯ ಕನ್ನಡ ಪತ್ರಿಕೆಯಲ್ಲಿ. ಬಬಲ್ ರ‍್ಯಾಪ್ ಇದ್ದರೂ ಒಳಗೆ ಒಂದು ಸುತ್ತು ಪೇಪರ್ ಇರಲೇಬೇಕು. ಒಬ್ಬ ಗಿರಾಕಿ ಒಮ್ಮೆ ಬರೆದಿದ್ದರು, ಮುದುಡಿದ ಆ ಹಾಳೆಗಳನ್ನು ಇಸ್ತ್ರಿ ಹಾಕಿ ತಮ್ಮ ಅತ್ತೆ ಒಂದಕ್ಷರ ಬಿಡದೆ ಓದಿದರು, ಶ್ರದ್ಧಾಂಜಲಿ ಜಾಹೀರಾತು ಕೂಡ. ಅಂದಿನಿಂದ ನಾನು ಹಾಳೆ ಆರಿಸಿ ಇಡುತ್ತೇನೆ, ಪುರವಣಿಯ ಪುಟಗಳು ಸಿಕ್ಕರೆ ಇನ್ನೂ ಒಳ್ಳೆಯದು. ವಾಪಸ್ ಬಂದ ಡಬ್ಬಿಯಲ್ಲಿ ಶ್ರಾವಣದ ಹಬ್ಬದ ಅಡುಗೆಯ ಪುಟ, ನಾನು ಸುತ್ತಿದ ಮಡಿಕೆಯಲ್ಲೇ ಇತ್ತು. ಅದನ್ನು ನೋಡಿ ಅಳು ಬಂತು.

ಉಳಿದ ದಾರಿ ಕೊರಿಯರ್. ದೊಡ್ಡ ಖಾಸಗಿ ಕಂಪನಿಗಳ ಸೇವೆ ನಿಂತಿರಲಿಲ್ಲ. ಖರ್ಚು ಅಂಚೆಗಿಂತ ಎರಡೂವರೆ ಪಟ್ಟು. ಆರು ಜನ ಗಿರಾಕಿಗಳು ಒಪ್ಪಿದರು, ಕಳಿಸಿದೆ. ನಾಲ್ಕನೇ ದಿನ ಕೊರಿಯರ್‌ನವರಿಂದ ಇಮೇಲ್. ಈ ವಸ್ತು ಆಟಿಕೆಯೋ, ಮರದ ಅಲಂಕಾರ ಪ್ರತಿಮೆಯೋ? ಆಟಿಕೆಯಾದರೆ 9503, ಬಣ್ಣದಲ್ಲಿ ಸೀಸ ಇಲ್ಲ ಎನ್ನುವ ಪರೀಕ್ಷಾ ಪತ್ರ ಕೊಡಿ. ಪ್ರತಿಮೆಯಾದರೆ 4420, ಅದಕ್ಕೆ ಒಂದಿಷ್ಟು ಮೂಲ ಸುಂಕವೂ ಸೇರುತ್ತದೆ, ಜೊತೆಗೆ ಮರದ ಸಸ್ಯಶಾಸ್ತ್ರೀಯ ಹೆಸರು ಮತ್ತು ಅದು ಬೆಳೆದ ದೇಶ ತಿಳಿಸಿ.

ಈ ಪ್ರಶ್ನೆಯನ್ನು ನಾನು ಇವತ್ತಿಗೂ ಯೋಚಿಸುತ್ತೇನೆ. ಪಟ್ಟದ ಗೊಂಬೆ ಆಟಿಕೆಯೇ? ಅದನ್ನು ಮಕ್ಕಳು ಮುಟ್ಟಿದರೆ ಅಜ್ಜಿ ಗದರುತ್ತಿದ್ದಳು. ಅಲಂಕಾರದ ಪ್ರತಿಮೆಯೇ? ಒಂಬತ್ತು ದಿನ ಆರತಿ ಎತ್ತಿ, ವಿಜಯದಶಮಿಯ ರಾತ್ರಿ ಮಲಗಿಸಿ ಹಾಡು ಹೇಳುವ ವಸ್ತುವನ್ನು ಯಾವ ಪಟ್ಟಿಯ ಯಾವ ಸಾಲಿಗೆ ಸೇರಿಸುವುದು? ನಾವು ಗೊಂಬೆ ಅಂತ ಒಂದೇ ಪದದಲ್ಲಿ ಹೇಳುವುದಕ್ಕೆ ಅಲ್ಲಿ ಎರಡು ಅಧ್ಯಾಯ. ಜೊತೆಯಲ್ಲಿದ್ದ ಅಡುಗೆ ಸೆಟ್ಟು ಖಂಡಿತ ಆಟಿಕೆಯೇ. ಎಲ್ಲ ಸೇರಿಸಿ 9503 ಅಂತಲೇ ಬರೆದು, ಬಣ್ಣದ ಪರೀಕ್ಷಾ ಪತ್ರ ಹಚ್ಚಿದೆ. ಎರಡು ವರ್ಷದ ಹಿಂದೆ ಒಂದು ಪ್ರದರ್ಶನಕ್ಕೆಂದು ಮಾಡಿಸಿದ್ದು ನನ್ನ ಪುಣ್ಯಕ್ಕೆ ಇತ್ತು. ಆದರೂ ಮರದ ಹೆಸರು ಬೇಕು ಅಂದರು. ನಮ್ಮ ಕಡೆ ಆಲೆ ಮರ ಅನ್ನುತ್ತಾರೆ, ಕೆಲವರು ಹಾಲೆ ಅಂತಾರೆ. ಹುಡುಕಿ ರೈಟಿಯಾ ಟಿಂಕ್ಟೋರಿಯಾ ಅಂತ ಬರೆದು ಕಳಿಸಿದೆ. ಒಂದು ಕಂಟೇನರ್ ಕಳಿಸುವ ಕಾರ್ಖಾನೆಯವನಿಗೂ ಇದೇ ಕಾಗದ, ಆದರೆ ಅವನು ಅದನ್ನು ಐದು ಸಾವಿರ ತುಂಡಿಗೆ ಒಂದು ಸಲ ತುಂಬುತ್ತಾನೆ. ನಾನು ಒಂದೊಂದು ಜೊತೆಗೂ ತುಂಬಬೇಕು. ಶೇ 50 ಎಲ್ಲರಿಗೂ ಒಂದೇ ಅಂತ ಟೀವಿಯಲ್ಲಿ ಚರ್ಚೆ ಮಾಡುವಾಗ ಈ ಭಾಗ ಯಾರ ಬಾಯಲ್ಲೂ ಬರಲಿಲ್ಲ.

ಐದು ಡಬ್ಬಿ ತಲುಪಿದವು. ಆರನೆಯದು ಒಂದು ಪೂರ್ತಿ ಸೆಟ್ಟು, 110 ಡಾಲರಿನದು. ಬಾಗಿಲಿಗೆ ಹೋದಾಗ 55 ಡಾಲರ್ ಸುಂಕ, ಅದನ್ನು ಮುಂಗಡ ಕಟ್ಟಿದ್ದಕ್ಕೆ ಮತ್ತು ಕಾಗದಪತ್ರಕ್ಕೆ ಕೊರಿಯರ್‌ನವರ ಶುಲ್ಕ 18 ಡಾಲರ್, ಒಟ್ಟು 73 ಡಾಲರ್ ಬಿಲ್ಲು. ಸುಂಕ ಇರುತ್ತದೆ ಅಂತ ನಾನು ಹೇಳಿದ್ದೆ, ಆ 18 ಡಾಲರ್ ನನಗೇ ಗೊತ್ತಿರಲಿಲ್ಲ. ಗಿರಾಕಿ ನಿರಾಕರಿಸಿದರು. ಅವರನ್ನು ದೂರುವುದಿಲ್ಲ, ಗೊಂಬೆಗೆ ಒಮ್ಮೆ ದುಡ್ಡು ಕೊಟ್ಟವರು. ವಾಪಸ್ ತರಿಸಲು ಆಗುವ ಖರ್ಚು ಗೊಂಬೆಯ ಬೆಲೆಗಿಂತ ಹೆಚ್ಚು. ಬಿಟ್ಟುಬಿಡುತ್ತೇನೆ ಅಂತ ಬರೆದುಕೊಡಬೇಕಾಯಿತು. ಆ ಸೆಟ್ಟಿನ ರಾಣಿಯ ಸೀರೆಗೆ ಚಾಚಾ ಹೊಸದಾಗಿ ಹೊಂದಿಸಿದ ನೇರಳೆ ಬಣ್ಣ ಇತ್ತು. ಯಾವ ಗೋದಾಮಿನ ಮೂಲೆಯಲ್ಲಿದೆಯೋ ಗೊತ್ತಿಲ್ಲ.

ಚಾಚಾಗೆ ವಿಷಯ ಹೇಳಲು ಸೆಪ್ಟೆಂಬರ್ ಮೊದಲ ಭಾನುವಾರ ಚನ್ನಪಟ್ಟಣಕ್ಕೆ ಹೋದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಹೋದಾಗ ಅವರು ಲೇತಿನ ಮುಂದೆ ಕೂತಿದ್ದರು. ತಿರುಗುತ್ತಿರುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಬಳಿದುಕೊಳ್ಳುತ್ತದೆ. ಆಮೇಲೆ ಒಣಗಿದ ತಾಳೆಗರಿಯ ತುಂಡನ್ನು ಅದರ ಮೇಲೆ ಹಿಡಿದು ಹಿಂದಕ್ಕೂ ಮುಂದಕ್ಕೂ ಆಡಿಸಿದರೆ, ಮಂಕಾಗಿದ್ದ ಹಳದಿ ನೋಡನೋಡುತ್ತಿದ್ದಂತೆ ಕನ್ನಡಿಯಂತೆ ಹೊಳೆಯುತ್ತದೆ. ಚಿಕ್ಕಂದಿನಲ್ಲಿ ಈ ಒಂದು ಕ್ಷಣ ನೋಡಲು ಶಾಲೆ ಬಿಟ್ಟ ಕೂಡಲೇ ಓಡಿಬರುತ್ತಿದ್ದೆ. ಅವತ್ತೂ ನಿಂತು ನೋಡಿದೆ. ಲೇತ್ ನಿಲ್ಲಿಸಿದ ಮೇಲೆ ಹೇಳಿದೆ.

ಅವರು ಕೇಳಿದ್ದು ಒಂದೇ. "ಸುಂಕ ಯಾರು ಕೊಡೋದು, ನೀನಾ, ಅವರಾ?" ಅಮೆರಿಕದ ಗಿರಾಕಿಯೇ ಅಂದೆ. "ಹಂಗಾದ್ರೆ ಅವರ ಸರ್ಕಾರ ಅವರ ಜನದ ಹತ್ರಾನೇ ವಸೂಲಿ ಮಾಡ್ತದೆ. ಕೆಲಸ ಮಾತ್ರ ನಮ್ಮದು ಹೋಗ್ತದೆ." ನಾನು ಓದಿದ ಅಷ್ಟೂ ಲೇಖನಗಳ ತಿರುಳು ಇಷ್ಟೇ ಆಗಿತ್ತು.

ಹನ್ನೊಂದು ಜೊತೆ ಮೂಲೆಯ ಹಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಬಣ್ಣ ಆಗಿತ್ತು, ಪೇಟ, ಕಿರೀಟ, ಸೀರೆಯ ಅಂಚು ಎಲ್ಲ ಆಗಿತ್ತು. ಕಣ್ಣು ಬರೆದಿರಲಿಲ್ಲ. ಮುಖ ಬರೆಯುವುದು ಚಾಚಾ ಸೊಸೆಯ ಕೆಲಸ, ಕೊನೆಗೆ ಮಾಡುತ್ತಾರೆ, ಒಂದೇ ಕೂತಿನಲ್ಲಿ ಎಲ್ಲದಕ್ಕೂ. "ಬರೀಲಾ, ಬೇಡವಾ?" ಅಂತ ಆಕೆ ಕೇಳಿದರು. ಆರ್ಡರ್ ಮಾಡಿದವರಲ್ಲಿ ಒಬ್ಬೊಬ್ಬರೂ ತಮ್ಮ ಅಜ್ಜಿ ಮನೆಯ ಗೊಂಬೆಯ ಫೋಟೋ ಕಳಿಸಿ, ಕಣ್ಣು ಹೀಗೆ ಉದ್ದ ಇರಲಿ, ಹಣೆಗೆ ನಾಮ ಇರಲಿ, ವಿಭೂತಿ ಇರಲಿ ಅಂತ ಕೇಳಿಕೊಂಡಿದ್ದರು. ಬರೆದರೆ ಆ ಮನೆಯದೇ ಆಗಿಬಿಡುತ್ತದೆ, ಬೇರೆಯವರಿಗೆ ಕೊಡಲು ಆಗುವುದಿಲ್ಲ. ಸದ್ಯಕ್ಕೆ ಬೇಡ ಅಂದೆ. ಅರ್ಧ ಹಣ ಮುಂಚೆಯೇ ಕೊಟ್ಟಿದ್ದೆ, ಉಳಿದ ಅರ್ಧವನ್ನೂ ಅವತ್ತೇ ಕೊಟ್ಟು ಬಂದೆ. ಆ ಹನ್ನೊಂದು ಆರ್ಡರಿನ ಹಣ, ಹತ್ತಿರ ಹತ್ತಿರ ಎಂಬತ್ತೆರಡು ಸಾವಿರ ರೂಪಾಯಿ, ಗಿರಾಕಿಗಳಿಗೆ ವಾಪಸ್ ಮಾಡಿದೆ. ನಾನು ಮಾರುವ ಜಾಲತಾಣದಲ್ಲಿ ಆರ್ಡರ್ ರದ್ದು ಮಾಡಿದರೆ ಅಂಗಡಿಯ ಅಂಕ ಇಳಿಯುತ್ತದೆ. ಇಳಿಯಿತು.

ವಾಪಸ್ ಬಂದ ಮತ್ತು ಮನೆಯಲ್ಲೇ ಉಳಿದ ಡಬ್ಬಿಗಳಲ್ಲಿ ಏಳಕ್ಕೆ ಬೇರೆ ದಾರಿ ಸಿಕ್ಕಿತು. ಅದು ಕನ್ನಡ ಜನ ಒಬ್ಬರಿಗೊಬ್ಬರು ಆಗುವ ರೀತಿ. ಟೆಕ್ಸಾಸಿನ ಒಬ್ಬ ಗಿರಾಕಿ ತಮ್ಮ ಊರಿನ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರಂತೆ, ಬೆಂಗಳೂರಿಗೆ ಹೋದವರು ಯಾರಾದರೂ ಸೆಪ್ಟೆಂಬರಿನಲ್ಲಿ ವಾಪಸ್ ಬರುತ್ತಿದ್ದಾರಾ ಅಂತ. ಅಮೆರಿಕದ ನಿವಾಸಿ ಊರಿಗೆ ಮರಳುವಾಗ ಜೊತೆಗೆ ತರುವ ಸಾಮಾನಿಗೆ ಇರುವ 800 ಡಾಲರ್ ವಿನಾಯಿತಿ ಬೇರೆಯದು, ಅದಕ್ಕೆ ಯಾರೂ ಕೈ ಹಾಕಿರಲಿಲ್ಲ. ಗಿರಾಕಿಗಳ ಅಕ್ಕ, ಬಾವ, ಒಬ್ಬರು ಸ್ವತಃ ಗಿರಾಕಿಯೇ, ಹೀಗೆ ಮನೆಗೆ ಬಂದು ತಗೊಂಡು ಹೋದರು. ಒಬ್ಬಾಕೆ ಸೂಟ್‌ಕೇಸಿನಿಂದ ಎರಡು ಕೆಜಿ ಹುರಿಗಡಲೆ ಚಟ್ನಿಪುಡಿ, ಮೂರು ರೇಷ್ಮೆ ಸೀರೆ ಹೊರಗೆ ತೆಗೆದು ತಂಗಿಯ ಗೊಂಬೆಗೆ ಜಾಗ ಮಾಡಿದರು. ಸೀರೆಗಳನ್ನು ಮಡಿಚಿ ನಮ್ಮ ಮನೆಯಲ್ಲೇ ಇಟ್ಟು ಹೋದರು, ಮುಂದಿನ ಸಲ ಬಂದಾಗ ಒಯ್ಯುತ್ತೇನೆ ಅಂತ. ಇನ್ನೂ ನನ್ನ ಬೀರುವಿನಲ್ಲಿವೆ.

ಉಳಿದ ಮೂವರು, ಬಂದಾಗ ಬರಲಿ, ಮುಂದಿನ ವರ್ಷ ಕೂರಿಸುತ್ತೇವೆ ಅಂದರು. ಅವರಿಗೆ ನಾನು ಋಣಿ.

ಅಕ್ಟೋಬರ್ 15ಕ್ಕೆ ಅಂಚೆ ಮತ್ತೆ ತೆರೆಯಿತು. ದಸರಾ ಮುಗಿದು ಹದಿಮೂರು ದಿನ ಆಗಿತ್ತು, ದೀಪಾವಳಿಗೆ ಐದು ದಿನ ಇತ್ತು. ಆಗ ಬಂದ ಪದ್ಧತಿಯಲ್ಲಿ ಸುಂಕವನ್ನು ಬುಕಿಂಗ್ ಕೌಂಟರಿನಲ್ಲೇ ಕಟ್ಟಬೇಕಿತ್ತು. ನಾವು ಘೋಷಿಸಿದ ಬೆಲೆಯ ಶೇ 50. ಅಂಚೆಯವರು ಅದನ್ನು ಅಮೆರಿಕ ಒಪ್ಪಿದ ಸಂಸ್ಥೆಗಳ ಮೂಲಕ ಅಲ್ಲಿನ ಕಸ್ಟಮ್ಸ್‌ಗೆ ದಾಟಿಸುತ್ತಿದ್ದರು. ಆ 200 ಡಾಲರಿನ ಭೂತ ನಮಗೆ ಬರಲಿಲ್ಲ. ಅಂಚೆ ದರ ಏರಲಿಲ್ಲ, ಸುಂಕ ದಾಟಿಸುವುದಕ್ಕೆ ಪ್ರತ್ಯೇಕ ಶುಲ್ಕವನ್ನೂ ಹಾಕಲಿಲ್ಲ, ಅದು ದೊಡ್ಡ ಉಪಕಾರ. ಗಿರಾಕಿಯ ಬಾಗಿಲಿಗೆ ಬಿಲ್ಲು ಹೋಗುತ್ತಿರಲಿಲ್ಲ. ಕೊರಿಯರ್‌ನಲ್ಲಿ ಪಟ್ಟ ಪಾಡು ನೋಡಿದ ಮೇಲೆ ಇದು ಎಷ್ಟು ದೊಡ್ಡ ನೆಮ್ಮದಿ ಅಂತ ನನಗೆ ಗೊತ್ತು.

ಆ ಮೂವರ ಡಬ್ಬಿ ತಗೊಂಡು ಹೋದೆ. 42 ಡಾಲರಿನ ಒಂದು ಜೊತೆಗೆ 21 ಡಾಲರ್ ಸುಂಕ, ರೂಪಾಯಿಯಲ್ಲಿ ಹದಿನೆಂಟು ನೂರು ದಾಟಿತು. ಆ ಜೊತೆ ಮಾಡಿದ್ದಕ್ಕೆ ಚಾಚಾಗೆ ನಾನು ಕೊಡುವುದು ಹದಿನಾಲ್ಕು ನೂರು. ರಸೀದಿಯಲ್ಲಿ ಆ ಎರಡು ಅಂಕಿ ಅಕ್ಕಪಕ್ಕ ಇರಲಿಲ್ಲ, ನನ್ನ ತಲೆಯಲ್ಲಿದ್ದವು. ಮರ ಕಡಿದು, ಒಣಗಿಸಿ, ಕಡೆದು, ಅರಗು ಬಳಿದು, ಕಣ್ಣು ಬರೆದ ಮನೆಗೆ ಸಿಗುವುದಕ್ಕಿಂತ ಹೆಚ್ಚು ಹಣ ಗಡಿ ದಾಟಿಸಲು ಹೋಗುತ್ತಿತ್ತು. ಆ ಮೂರರ ಸುಂಕವನ್ನು ನಾನೇ ಕಟ್ಟಿದೆ, ಕಾದವರಿಗೆ ಅಷ್ಟಾದರೂ ಮಾಡಬೇಕಿತ್ತು. ಇನ್ನು ಮುಂದಿನದಕ್ಕೆ ಕಟ್ಟಲಾರೆ.

ಬೆಲೆ ಏರಿಸಿ ಸುಂಕ ಸೇರಿಸಿಬಿಡು ಅಂತ ಗೆಳತಿ ಸಲಹೆ ಕೊಟ್ಟಳು. ಕೂತು ಲೆಕ್ಕ ಹಾಕಿದೆ. 42ರ ಗೊಂಬೆಗೆ 63 ಅಂತ ಬೆಲೆ ಹಾಕಿದರೆ, ಘೋಷಿಸಬೇಕಾದ ಬೆಲೆಯೇ 63 ಆಗುತ್ತದೆ, ಸುಂಕ ಮೂವತ್ತೊಂದೂವರೆ ಆಗುತ್ತದೆ. ಏರಿಸಿದಷ್ಟೂ ಅದೂ ಏರುತ್ತದೆ. ಅದಕ್ಕೇ ಈಗ ನನ್ನ ಪುಟದಲ್ಲಿ ಗೊಂಬೆಯ ಬೆಲೆ ಒಂದು ಸಾಲು, ಸುಂಕ ಇನ್ನೊಂದು ಸಾಲು, ಇನ್‌ವಾಯ್ಸಿನಲ್ಲೂ ಹಾಗೇ. ಜಾಲತಾಣದ ಕಮಿಷನ್ ಮಾತ್ರ ಒಟ್ಟು ಮೊತ್ತದ ಮೇಲೆ ಹಿಡಿಯುತ್ತಾರೆ. ಸುಂಕದ ಮೇಲೂ ಕಮಿಷನ್. ಇದು ಸರಿಯಲ್ಲ ಅಂತ ಅವರಿಗೆ ಎರಡು ಸಲ ಬರೆದಿದ್ದೇನೆ.

ಬೇರೆ ದೇಶಗಳ ಕಡೆ ತಿರುಗು ಅಂತ ಎಲ್ಲರೂ ಹೇಳುತ್ತಾರೆ. ತಿರುಗಿದ್ದೇನೆ. ಆಸ್ಟ್ರೇಲಿಯಾ ಎಲ್ಲಕ್ಕಿಂತ ಸುಲಭ. ಬ್ರಿಟನ್‌ಗೆ 135 ಪೌಂಡ್ ಒಳಗಿನ ಸಾಮಾನಿಗೆ ಮಾರುವವರೇ ಅಲ್ಲಿನ ವ್ಯಾಟ್ ಲೆಕ್ಕ ನೋಡಬೇಕು, ಜಾಲತಾಣದ ಮೂಲಕ ಮಾರಿದರೆ ಅವರು ನೋಡಿಕೊಳ್ಳುತ್ತಾರೆ. ಯುರೋಪಿಗೆ ಡಿಸೆಂಬರ್ 2024ರಿಂದ ಹೊಸ ಸುರಕ್ಷತಾ ನಿಯಮ: ನಮ್ಮ ಪರವಾಗಿ ಜವಾಬ್ದಾರಿ ಹೊರುವ ಒಬ್ಬರು ಆ ನೆಲದಲ್ಲಿ ಇರಬೇಕು. ಜರ್ಮನಿಯಲ್ಲಿ ಕನ್ನಡದವರು ಎಷ್ಟೇ ಇದ್ದರೂ ಆ ಖರ್ಚು ನನ್ನಿಂದ ಆಗದು. ನವೆಂಬರ್ 12ರಂದು ಕೇಂದ್ರ ಸಂಪುಟ 25,060 ಕೋಟಿ ರೂಪಾಯಿಯ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಬ್ಯಾಂಕ್ ಸಾಲದ ಬಡ್ಡಿಗೆ, ಗ್ಯಾರಂಟಿಗೆ ನೆರವು ಬೇಕಾದವರಿಗೆ ಅದು ತಲುಪಲಿ. ನನಗೂ ಚಾಚಾಗೂ ಸಾಲ ಇಲ್ಲ, ಬೇಕಾಗಿರುವುದು ಆರ್ಡರ್.

ನವೆಂಬರ್ 5ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಈ ಸುಂಕಗಳ ವಿಚಾರಣೆ ನಡೆಯಿತು. 1977ರ ತುರ್ತು ಅಧಿಕಾರದ ಕಾಯ್ದೆ ಹಿಡಿದು ಅಧ್ಯಕ್ಷರು ಸುಂಕ ಹಾಕಬಹುದೇ ಅನ್ನೋದು ಪ್ರಶ್ನೆ. ಮೊಕದ್ದಮೆ ಹೂಡಿದವರಲ್ಲಿ ಒಂದು ಇಲಿನಾಯ್ ರಾಜ್ಯದ ಲರ್ನಿಂಗ್ ರಿಸೋರ್ಸಸ್, ಮಕ್ಕಳ ಕಲಿಕೆಯ ಆಟಿಕೆ ಮಾಡುವ ಕುಟುಂಬದ ಕಂಪನಿ. ಚಾಚಾಗೆ ಇದನ್ನು ಹೇಳಿದಾಗ ಲೇತ್ ನಿಲ್ಲಿಸಿ ಕೇಳಿಸಿಕೊಂಡರು. "ಅಲ್ಲೂ ಗೊಂಬೆಯವರೇ ಕೋರ್ಟಿಗೆ ಹೋದ್ರಾ?" ಅಂದರು. ಆಮೇಲೆ ಪ್ರತಿ ವಾರ ಫೋನ್ ಮಾಡಿದಾಗ ಮೊದಲು ಕೇಳುತ್ತಿದ್ದದ್ದು ಅದನ್ನೇ, ತೀರ್ಪು ಬಂತಾ ಅಂತ.

ಡಿಸೆಂಬರ್ ಮೊದಲ ವಾರ ಮೆಲ್ಬರ್ನಿನಿಂದ ನಾಲ್ಕು ಜೊತೆಗೆ ಆರ್ಡರ್ ಬಂತು, ನ್ಯೂಜೆರ್ಸಿಯಿಂದ ಒಂದಕ್ಕೆ, ಸುಂಕದ ಸಾಲು ನೋಡಿಯೂ. ನ್ಯೂಜೆರ್ಸಿಯವರು ಬರೆದಿದ್ದರು, ಮಗಳ ಮದುವೆ ಮೇ ತಿಂಗಳಲ್ಲಿ, ಪಟ್ಟದ ಗೊಂಬೆ ಇಲ್ಲದೆ ಕಳಿಸುವುದು ಹೇಗೆ. ಅಜ್ಜಿ ಮನೆಯ ಫೋಟೋ ಲಗತ್ತಿಸಿದ್ದರು: ರಾಣಿಗೆ ಉದ್ದ ಕಣ್ಣು, ಮೂಗಿನ ಎಡಕ್ಕೆ ಮೂಗುತಿ. ಫೋಟೋ ತಗೊಂಡು ಚನ್ನಪಟ್ಟಣಕ್ಕೆ ಹೋದೆ. ಹಲಗೆಯ ಮೇಲಿಂದ ಐದು ಜೊತೆ ಇಳಿಸಿ ಧೂಳು ಒರೆಸಿದೆವು. ಚಾಚಾ ಸೊಸೆ ಕಿಟಕಿಯ ಹತ್ತಿರ ಕೂತು, ಮೂರೇ ಕೂದಲಿನ ಕುಂಚವನ್ನು ಕಪ್ಪಿಗೆ ಅದ್ದಿ, ಉಸಿರು ಹಿಡಿದು, ಮೊದಲ ರಾಣಿಯ ಎಡಗಣ್ಣು ಎಳೆದರು. ಇನ್ನೂ ಆರು ಜೊತೆ ಕಣ್ಣಿಲ್ಲದೆ ಹಲಗೆಯ ಮೇಲಿವೆ.